ಮಾಮಾ ಎಣಿಸಿದ ನಾಲ್ಕು

ಕಳೆದ ವಾರ ಕಪಾಟಿನ ತಳದಲ್ಲಿದ್ದ ಕರಿಯ ಚೀಲದ ಜಿಪ್ಪು ಎಳೆದೆ. ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಂದು ವರ್ಷದಿಂದ ಆ ಚೀಲ ಅಲ್ಲಿಯೇ ಇತ್ತು. ಮೇಲೆ ಹಳೆಯ ಪುಸ್ತಕಗಳನ್ನು ಪೇರಿಸಿ, ಅದು ಕಣ್ಣಿಗೆ ಬೀಳದ ಹಾಗೆ ನಾನೇ ನೋಡಿಕೊಂಡಿದ್ದೆ. ಒಳಗೆ ಎರಡು ಜೊತೆ ಡ್ರಮ್ ಕೋಲು, ಮುಚ್ಚಳ ಸಡಿಲಾದ ಎಣ್ಣೆಯ ಬಾಟಲಿ, ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದ ಕಂದು ಮಫ್ಲರ್. ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ.

ಅವರು ನಮ್ಮ ಬ್ಯಾಂಡಿನ ಮಾಮಾ. ಸೋದರಮಾವನೂ ಅಲ್ಲ, ದೂರದ ನೆಂಟರೂ ಅಲ್ಲ. ಆದರೂ ಬೇರೆ ಹೆಸರಿನಿಂದ ಅವರನ್ನು ಕರೆದ ನೆನಪಿಲ್ಲ.

ಬ್ಯಾಂಡ್ ಎಂದರೆ ನಾವು ಮೂರೇ ಜನ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ವಚನ ಹಾಡುವ ಮನೆಯಲ್ಲಿ ಹುಟ್ಟಿ ಹಾರ್ಮೋನಿಯಂ ಕಲಿತು, ಕೊನೆಗೆ ಕೀಬೋರ್ಡಿಗೆ ಬಿದ್ದವಳು. ನನ್ನ ಕಾಲೇಜು ಗೆಳೆಯನದು ಬೆಳಗಾವಿಯಲ್ಲಿ ಅಜ್ಜನ ಕಾಲದ ಬಟ್ಟೆ ಅಂಗಡಿ. ಅವನದೂ ಕೀಬೋರ್ಡೇ. ಜೈನರವನು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಬೇಕು. ಹೀಗಾಗಿ ಯಾವ ಕಾರ್ಯಕ್ರಮವಿರಲಿ, ಸಂಜೆ ಐದೂವರೆಗೆ ವೇದಿಕೆಯ ಹಿಂದೆ ಅವನ ಊಟದ ಡಬ್ಬಿ ಬಿಚ್ಚಿಕೊಳ್ಳುತ್ತಿತ್ತು. ನಮ್ಮಿಬ್ಬರಿಗೂ ಪರದೇಶದ ಒಂದು ಎಲೆಕ್ಟ್ರಾನಿಕ್ ಸಂಗೀತದ ತಂಡದ ಹುಚ್ಚು. ಅವರ ಹಾಡುಗಳನ್ನೇ ನುಡಿಸುತ್ತಿದ್ದೆವು, ನಮ್ಮದೆಂಬ ಒಂದು ಹಾಡೂ ಇರಲಿಲ್ಲ. ಟ್ರಿಬ್ಯೂಟ್ ಬ್ಯಾಂಡಿನ ಬಾಳೇ ಅದು, ಇನ್ನೊಬ್ಬರ ನೆರಳಾಗಿ ಬೆವರು ಸುರಿಸುವುದು.

ಆದರೆ ನಮ್ಮದೊಂದು ಹಟವಿತ್ತು. ಆ ತಂಡ ಯಂತ್ರಕ್ಕೆ ಬಿಟ್ಟಿದ್ದನ್ನೆಲ್ಲ ನಾವು ಕೈಯಿಂದ ನುಡಿಸಬೇಕು. ಮೊದಲೇ ತುಂಬಿಟ್ಟ ಒಂದು ಸದ್ದೂ ಇರಕೂಡದು. ಪೀರನವಾಡಿಯ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಾವು ತಾಲೀಮು ಮಾಡುತ್ತಿದ್ದ ತಗಡಿನ ಶೆಡ್ಡಿನ ಗೋಡೆಗೆ ಈ ನಿಯಮವನ್ನು ನಾನೇ ಬರೆದು ಅಂಟಿಸಿದ್ದೆ. "ಲ್ಯಾಪ್‌ಟಾಪಿನಾಗ ಒಂದು ಗುಂಡಿ ಒತ್ತಿದ್ರ ಬರ್ತೈತಲ್ರಿ, ಯಾಕ ಸುಮ್ನ ಬಡ್ಕೋತೀರಿ?" ಎಂದು ಗಿರಣಿಯವರು ಕೇಳುತ್ತಿದ್ದರು. ಅವರಿಗೆ ಏನು ಗೊತ್ತು ಎಂದುಕೊಳ್ಳುತ್ತಿದ್ದೆ. ಎಂಥ ಸೊಕ್ಕು ನನ್ನದು!

ಮಾಮಾ ಸಿಕ್ಕಿದ್ದು ಖಾನಾಪುರದಲ್ಲಿ, ಗೆಳೆಯನ ಕಡೆಯ ಒಂದು ಮದುವೆಯ ಮೆರವಣಿಗೆಯಲ್ಲಿ. ಬ್ಯಾಂಡಿನವರ ಸಾಲಿನಲ್ಲಿ ಐವತ್ತು ದಾಟಿದ ಒಬ್ಬರು ಡ್ರಮ್ ಬಾರಿಸುತ್ತಿದ್ದರು. ಮುಂದೆ ಹುಡುಗರು ಕುಣಿಯುತ್ತಿದ್ದಾರೆ, ಪಟಾಕಿ ಸಿಡಿಯುತ್ತಿದೆ, ಆ ಮನುಷ್ಯ ಮಾತ್ರ ಒಂದು ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗುತ್ತಿಲ್ಲ. ನಾನು ಮೊಬೈಲಿನಲ್ಲಿ ತಾಳದ ಟಿಕ್ ಟಿಕ್ ಹಚ್ಚಿ ಕಿವಿಗೆ ಹಿಡಿದುಕೊಂಡು ಅವರ ಪಕ್ಕದಲ್ಲೇ ನಡೆದೆ. ಊರಬಾಗಿಲ ಅಗಸಿಯಿಂದ ಮಂಟಪದವರೆಗೂ ಎರಡೂ ಕೂಡಿಯೇ ಇದ್ದವು.

ಅದೇ ಅವರ ಕೊನೆಯ ಮದುವೆ ಮೆರವಣಿಗೆಗಳಲ್ಲೊಂದು. ಆಗಲೇ ಮದುವೆಗಳಿಗೆ ಡಿ.ಜೆ. ಗಾಡಿಗಳು ಬಂದು, ಬ್ಯಾಂಡಿನವರನ್ನು ಕರೆಯುವವರು ಕಡಿಮೆಯಾಗಿದ್ದರು. ನಮ್ಮ ಹಟವನ್ನು ಬಿಡಿಸಿ ಹೇಳಿದಾಗ ಮಾಮಾ ನಕ್ಕ ನಗು ಇನ್ನೂ ಕಣ್ಣ ಮುಂದಿದೆ. "ಅಂದ್ರ ಮಷೀನಿನ ಕೆಲಸಾ ನಾ ಕಸ್ಕೋಬೇಕು, ಹೌದಿಲ್ರಿ ಮೇಡಂ? ಅದು ನಂದು ಕಸ್ಕೊಂಡೈತಿ. ಬರ್ತೇನ್ರಿ, ಖರೇನ ಬರ್ತೇನಿ!"

ಪ್ರತಿ ರವಿವಾರ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೇಡಂ ಎನ್ನುವುದು ಹೋಗಿ ಕೆಲವೇ ತಿಂಗಳಲ್ಲಿ ನಾನು ಅವರ ಮನೆಮಾತು ಮರಾಠಿಯ "ಬಾಳಾ" ಆದೆ, ಅಂದರೆ ಮಗು. ನಾವು ಕೊಟ್ಟಿದ್ದು ರಬ್ಬರಿನ ಪ್ಯಾಡುಗಳು. ಬಾರಿಸಿದರೆ ಅವುಗಳದೇ ಸದ್ದು ಏನೂ ಇಲ್ಲ, ತಂತಿಯ ಮೂಲಕ ಹೋಗಿ ಸ್ಪೀಕರಿನಲ್ಲಿ ಮಾತ್ರ ಕೇಳುತ್ತದೆ. ಮೊದಮೊದಲು ಅವರಿಗೆ ಅದು ಹಿಡಿಸಲಿಲ್ಲ. "ಚರ್ಮಾ ತಿರುಗಿ ಮಾತಾಡತೈತಿ, ಇದು ಮೂಕ ಐತಿ" ಎನ್ನುತ್ತಿದ್ದರು. ಆಮೇಲೆ ಅದನ್ನೂ ಪಳಗಿಸಿದರು. ಗಿರಣಿಯ ಪಟ್ಟಾ ತಿರುಗುವ ಸದ್ದಿಗೆ ಕೈ ಕೂಡಿಸಿ ತಾಸುಗಟ್ಟಲೆ ಬಾರಿಸುತ್ತಿದ್ದರು. ಹಾಡು ಶುರುವಾಗುವ ಮೊದಲು ಮರಾಠಿಯಲ್ಲೇ ಎಣಿಸುತ್ತಿದ್ದರು... ಏಕ್, ದೋನ್, ತೀನ್, ಚಾರ್. ಚಾರ್ ಎಂದ ಕೂಡಲೇ ನಮ್ಮ ಕೈಗಳು ತಾವಾಗಿಯೇ ಬೀಳುತ್ತಿದ್ದವು.

ಜಾಂಬೋಟಿಯ ಒಂದು ರೆಸಾರ್ಟಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಹೊರಗೆ ಧೋ ಎಂದು ಮಳೆ. ಹಾಡಿನ ನಡುವೆ ಕರೆಂಟು ಹೋಯಿತು. ಕೀಬೋರ್ಡು ಸತ್ತವು, ಪ್ಯಾಡು ಸತ್ತವು, ನಾವಿಬ್ಬರೂ ಪೆಚ್ಚಾಗಿ ನಿಂತೆವು. ಮಾಮಾ ನಿಲ್ಲಲಿಲ್ಲ. ಪ್ಯಾಡಿನ ಕಬ್ಬಿಣದ ಸ್ಟ್ಯಾಂಡಿಗೆ ಕೋಲು ಹಚ್ಚಿ ಅದೇ ಲಯವನ್ನು ಮುಂದುವರಿಸಿದರು. ಜನ ಚಪ್ಪಾಳೆ ಕೂಡಿಸಿದರು. ಕರೆಂಟು ಬಂದು ಕೀಬೋರ್ಡುಗಳು ಕಣ್ಣು ತೆರೆಯುವವರೆಗೂ ಹಾಡು ಅವರೊಬ್ಬರ ಕೈಯಲ್ಲಿತ್ತು. ನಾವು ಬಿಟ್ಟಲ್ಲಿಂದಲೇ ಹಿಡಿದೆವು. ಅಂಥ ಸಂತೋಷ ನನಗೆ ಮುಂದೆ ಎಂದೂ ಸಿಗಲಿಲ್ಲ.

ಮೂರನೆಯ ವರ್ಷವೋ ನಾಲ್ಕನೆಯದೋ, ಮಾಮಾರ ಎಡಗೈಯ ಕೊನೆಯ ಎರಡು ಬೆರಳು ನಡುಗತೊಡಗಿದವು. ಬಚ್ಚಿಡಲು ಮಾಮಾ ಬಹಳ ಪಾಡುಪಟ್ಟರು. ನೀಲಗಿರಿ ಎಣ್ಣೆ ತಿಕ್ಕಿ, ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದರು. "ಥಂಡಿ ಹಿಡದೈತಿ, ಅಷ್ಟ." ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತೇ ಹೊರತು ಕೈ ನಿಲ್ಲಲಿಲ್ಲ. ಒಂದು ಹಾಡಿನಲ್ಲಿ ತಾಳ ಎಡವಿದರೆ ಮುಂದಿನ ಹಾಡಿನವರೆಗೂ ಅವರು ತಲೆ ಎತ್ತುತ್ತಿರಲಿಲ್ಲ. ಒಂದು ರವಿವಾರ ತಾಲೀಮು ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡರು. "ಬಾಳಾ, ಕೈ ಬಿಡಬ್ಯಾಡ ನನಗ. ಇದೊಂದ ಉಳದೈತಿ." ಇಲ್ಲ ಮಾಮಾ, ಎಂದೆ. ಆಣೆ ಮಾಡಿ ಹೇಳಿದೆ.

ಅದಾಗಿ ಒಂದು ತಿಂಗಳಿಗೆ ಬೆಳಗಾವಿಯಲ್ಲಿ ನಮಗೆ ದೊಡ್ಡ ಸಭಾಂಗಣ ಸಿಕ್ಕಿತು. ಪುಣೆಯಿಂದ ಒಬ್ಬ ಸಂಘಟಕರು ಕೇಳಲು ಬರುವವರಿದ್ದರು. ಮೆಚ್ಚಿದರೆ ಊರೂರು ಕರೆದೊಯ್ಯುತ್ತಾರೆ, ಇಲ್ಲವಾದರೆ ರೆಸಾರ್ಟುಗಳಲ್ಲೇ ಸವೆಯಬೇಕು. "ಮಾಮಾನ ಕೈ ಹಿಂಗಾದ್ರ ಮುಗೀತು ನೋಡ ನಮ್ದು. ಏನ್ ಮಾಡೂಣು ಹೇಳು?" ಎಂದ ಗೆಳೆಯ.

ಏನು ಮಾಡುವುದೆಂದು ಹೇಳಿದವಳು ನಾನೇ. ಪ್ರತಿ ತಾಲೀಮನ್ನೂ ನಾನು ಲ್ಯಾಪ್‌ಟಾಪಿನಲ್ಲಿ ಹಿಡಿದಿಡುತ್ತಿದ್ದೆ. ಎರಡು ವರ್ಷದ ಹಿಂದಿನ, ಕೈ ಗಟ್ಟಿಯಿದ್ದಾಗಿನ ಮಾಮಾ ಅದರಲ್ಲಿದ್ದರು. ಆ ತಾಲೀಮುಗಳನ್ನು ಆರಿಸಿ, ಹಾಡಿಗೆ ಹೊಂದಿಸಿ, ಮೊದಲಿನ ಎಣಿಕೆ ಕತ್ತರಿಸಿ ತಯಾರಿಟ್ಟೆ. ಪ್ಯಾಡಿನ ಸದ್ದನ್ನು ಸೊನ್ನೆಗೆ ಇಳಿಸುವುದು, ಮಾಮಾ ಚಾರ್ ಎಂದ ಕೂಡಲೇ ನಾನು ಗುಂಡಿ ಒತ್ತಿ ಜನರಿಗೂ ಮಾಮಾರ ಹೆಡ್‌ಫೋನಿಗೂ ಇದನ್ನೇ ಬಿಡುವುದು. ಅವರು ಬಾರಿಸುತ್ತಲೇ ಇರುತ್ತಾರೆ, ತಾಳ ತಪ್ಪುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಇದೂ ಅವರದೇ ಕೈ ತಾನೇ, ನಿಯಮ ಎಲ್ಲಿ ಮುರಿಯಿತು ಎಂದು ವಾದಿಸಿದೆ. ಅವರ ಮರ್ಯಾದೆ ಉಳಿಸುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಆ ಸಂಜೆ ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮೊದಲ ಹಾಡು ಮುಗಿದಾಗ ನನ್ನ ಕಡೆ ನೋಡಿ ನಕ್ಕರು. ಎರಡನೆಯದು ಮುಗಿದಾಗ ಎಡಗೈಯನ್ನು ಮುಖದ ಮುಂದೆ ಹಿಡಿದು, ನಂಬಲಾರದವರಂತೆ ನೋಡಿಕೊಂಡರು. ಕೈ ವಾಸಿಯಾಗಿದೆ ಎಂದುಕೊಂಡಿದ್ದರು! ಆಗಲಾದರೂ ನಿಲ್ಲಿಸಬಹುದಿತ್ತು... ನಿಲ್ಲಿಸಲಿಲ್ಲ.

ನಾಲ್ಕನೆಯ ಹಾಡಿನಲ್ಲಿ ಬೆರಳು ಸೆಟೆದು ಎಡಗೈಯ ಕೋಲು ಜಾರಿ ಬಿತ್ತು. ಮಾಮಾ ಗಾಬರಿಯಾಗಿ ಬಲಗೈಯನ್ನೂ ನಿಲ್ಲಿಸಿ ಬಗ್ಗಿದರು. ತಾಳ ನಿಲ್ಲಲಿಲ್ಲ. ಬಗ್ಗಿದವರು ಹಾಗೇ ತಡೆದರು. ನಿಧಾನಕ್ಕೆ ಎದ್ದು, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಸಭಾಂಗಣವನ್ನು ಕೇಳಿಸಿಕೊಂಡರು. ಆಮೇಲೆ ನನ್ನ ಲ್ಯಾಪ್‌ಟಾಪನ್ನು ನೋಡಿದರು. ನನ್ನನ್ನು ನೋಡಲಿಲ್ಲ.

ಕೋಲು ಎಸೆದು ಹೋಗಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ಕೋಲು ಎತ್ತಿದರು. ಎದುರಿಗೆ ಜನ ಕೂತಿದ್ದರು, ಅವರು ನಿಲ್ಲಿಸಿದ್ದರೆ ನಮ್ಮ ಮಾನ ಹೋಗುತ್ತಿತ್ತು. ಉಳಿದ ಐದು ಹಾಡುಗಳಿಗೂ ಆ ಮೂಕ ಪ್ಯಾಡುಗಳ ಮೇಲೆ, ನಡುಗುವ ಕೈಯಿಂದ, ಒಂದು ಪೆಟ್ಟೂ ಬಿಡದೆ ಬಾರಿಸಿದರು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಾಮಾ ಕೈ ಮುಗಿದರು.

ವೇದಿಕೆಯ ಹಿಂದೆ ಮಫ್ಲರ್ ಮಡಚುತ್ತ ಕೇಳಿದರು, "ಯಾರ ಕೈ ಅದು?"

"ನಿಮ್ಮದ, ಮಾಮಾ. ಎರಡು ವರ್ಷದ ಹಿಂದಿಂದು."

"ಹೌದನು..." ಎಂದರು. ಮಫ್ಲರನ್ನು ಚೀಲದೊಳಗೆ ಇಟ್ಟು, "ಚಲೋ ಇತ್ತು" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಮುಂದಿನ ರವಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾನು ಖಾನಾಪುರಕ್ಕೆ ಹೋದೆ. "ಬಾ ಬಾಳಾ, ಕುಂದ್ರು" ಎಂದು ಏನೂ ಆಗದವರ ಹಾಗೆ ಮಾತಾಡಿಸಿದರು. ಮಾಮಿ ಚಹಾ ತಂದರು. ಮಾಮಾ ಕಪ್ಪು ಮುಟ್ಟಲಿಲ್ಲ, ಎರಡೂ ಕೈ ಶಾಲಿನೊಳಗಿದ್ದವು. ನಾನು ಅಳುತ್ತ ಕಾಲು ಮುಟ್ಟಿದೆ. ತಪ್ಪಾಯಿತು, ಬನ್ನಿ, ತಾಳ ಎಷ್ಟು ತಪ್ಪಿದರೂ ತಪ್ಪಲಿ ಎಂದೆ.

"ಬಂದು ಏನ್ ಮಾಡ್ಲಿ? ನನಗಿಂತ ಚಲೋ ಬಾರಿಸಾಂವ ಅಲ್ಲೇ ಅದಾನಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದೆ.

ಪುಣೆಯವರು ನಮ್ಮನ್ನು ಒಪ್ಪಿದರು. ಊರೂರು ತಿರುಗಿದೆವು. ಹೋದ ವರ್ಷ ಮಳೆಗಾಲದಲ್ಲಿ ಮಾಮಾ ತೀರಿಕೊಂಡ ದಿನವೂ ನಾವು ಸಾಂಗಲಿಯಲ್ಲಿ ನುಡಿಸುತ್ತಿದ್ದೆವು. ತಾಳ ಅವರದೇ ಇತ್ತು. ಸುದ್ದಿ ನಮಗೆ ಮುಟ್ಟಿದ್ದು ಮಾರನೆಯ ದಿನ. ಹದಿಮೂರನೆಯ ದಿನಕ್ಕೆ ಹೋದಾಗ ಮಾಮಿ ಈ ಚೀಲ ಕೊಟ್ಟು, "ಬಾಳಾಗ ಕೊಡು ಅಂದಿದ್ರವ್ವಾ" ಎಂದರು. ನನ್ನ ಮೇಲಿನ ಪ್ರೀತಿಗೆ ಕೊಟ್ಟರೋ, ಇನ್ನೇನಕ್ಕೋ, ಗೊತ್ತಿಲ್ಲ. ಇನ್ನು ಕೇಳುವುದಾದರೂ ಯಾರನ್ನು?

ಚೀಲ ಬಿಚ್ಚಿದ ದಿನ ಲ್ಯಾಪ್‌ಟಾಪಿನಲ್ಲಿ ಹಳೆಯ ತಾಲೀಮನ್ನು ಹುಡುಕಿದೆ, ನಾನು ಕತ್ತರಿಸದೆ ಬಿಟ್ಟಿದ್ದನ್ನು. ಹಿಂದೆ ಗಿರಣಿಯ ಸದ್ದು, ಯಾರೋ ಕೆಮ್ಮಿದ್ದು, ಮಾಮಾ ನಕ್ಕಿದ್ದು. ಆಮೇಲೆ ಆ ದನಿ... ಏಕ್, ದೋನ್, ತೀನ್, ಚಾರ್.

ನನ್ನ ಕೈ ಏಳಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಏಳಲಿಲ್ಲ. ಒಂದು ವಾರದಿಂದ ದಿನಾ ಕೀಬೋರ್ಡಿನ ಮುಂದೆ ಕೂರುತ್ತೇನೆ. ಬರುವ ಶನಿವಾರ ಕಾರ್ಯಕ್ರಮವಿದೆ, ಟಿಕೀಟು ಮಾರಿ ಆಗಿದೆ, ಗೆಳೆಯ ದಿನಕ್ಕೆರಡು ಸಲ ಫೋನು ಮಾಡುತ್ತಾನೆ. ಲ್ಯಾಪ್‌ಟಾಪಿನೊಳಗೆ ಮಾಮಾ ನಾಲ್ಕು ಎಣಿಸಿ ಬಾರಿಸಲು ಶುರು ಮಾಡುತ್ತಾರೆ. ನಾನು ಕೂಡಲಿಲ್ಲವೆಂದು ಅವರು ನಿಲ್ಲಿಸುವುದಿಲ್ಲ. ಹಾಡು ಮುಗಿಯುವವರೆಗೂ ಒಬ್ಬರೇ ಬಾರಿಸುತ್ತಾರೆ.