ಪಿಲಾರ್ ಟೀಚರ್ ಕಲಿಸಿದ ಬೇಡದ ಮಾತುಗಳು

ಪಿಲಾರ್ ಟೀಚರ್ ಬಾಯಿ ತೆರೆದರೆ ಮೊದಲು ಬರುತ್ತಿದ್ದುದು ಅರ್ಥವಿಲ್ಲದ ಮಾತು. "ಬ್ವೆನೋ..." ಎಂದು ಎಳೆದು, "ಪ್ವೆಸ್..." ಎಂದು ಕೈಯಾಡಿಸಿ, "ಅ ವೇರ್..." ಎಂದು ಕನ್ನಡಕ ಸರಿಮಾಡಿಕೊಂಡ ಮೇಲೆಯೇ ಅವರು ವಿಷಯಕ್ಕೆ ಇಳಿಯುತ್ತಿದ್ದರು. ನಡುವೆ ಯಾರಾದರೂ ಬಾಯಿ ಹಾಕಿದರೆ ಮಾರ್ಕರ್ ಪೆನ್ನನ್ನು ಅವರತ್ತ ಚಾಚಿ ತಡೆಯುತ್ತಿದ್ದರು.

ಸ್ಪೇನಿನ ಈ ಹೆಂಗಸು ಕುವೈತಿನ ಖೈತಾನ್‌ನಲ್ಲಿ, ಔಷಧದಂಗಡಿಯ ಮೇಲಿನ ಭಾಷಾ ಕೇಂದ್ರವೊಂದರಲ್ಲಿ ಸಂಜೆ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದರು. ನಾನು ಅಲ್ಲಿ ಸೇರಿದ್ದು ಸಿಟ್ಟಿನಿಂದ. ಮೀನಾ ಅಬ್ದುಲ್ಲಾದ ತೈಲ ಸಂಸ್ಕರಣಾಗಾರದಲ್ಲಿ ಕೆಲಸ ಹಿಡಿದಿದ್ದ ಸ್ಪೇನಿನ ಗುತ್ತಿಗೆ ಕಂಪನಿಯಲ್ಲಿ ನಾನು ಪ್ಲಾನಿಂಗ್ ಎಂಜಿನಿಯರ್. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ, ವಾದ ಬಿಸಿಯೇರಿದ ಕೂಡಲೇ ಸ್ಪ್ಯಾನಿಷ್‌ಗೆ ಹೊರಳುತ್ತಿತ್ತು. ಆಮೇಲೆ ನಾನೊಬ್ಬಳು ಅಲ್ಲಿದ್ದೇನೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ.

ಆ ಬೇಸಿಗೆ ಕೆಲಸಗಾರರ ಬಸ್ಸಿನ ಎಸಿ ಕೆಟ್ಟಿತ್ತು. ಡ್ರೈವರ್ ಇಸ್ಮಾಯಿಲ್ ನಮ್ಮ ಪುತ್ತೂರಿನ ಕಡೆಯವನು. "ಅಕ್ಕಾ, ನಿನ್ನೆ ಒಬ್ಬ ಬಸ್ಸಲ್ಲೇ ತಲೆ ತಿರುಗಿ ಬಿದ್ದ. ನೀವೊಮ್ಮೆ ಮೇಲಿನವರಿಗೆ ಹೇಳಬೇಕು" ಎಂದ. ಮೀಟಿಂಗಿನಲ್ಲಿ ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಹೇಳಲು ಹೋದೆ. ಮುಂದಿನ ಪದಕ್ಕೆ ತಡಕಾಡುವಷ್ಟರಲ್ಲಿ ಮ್ಯಾನೇಜರ್ ಬೇರೆ ವಿಷಯಕ್ಕೆ ಹಾರಿದ್ದ.

ಇದನ್ನು ಕೇಳಿ ಟೀಚರ್ ಪುಸ್ತಕ ಮುಚ್ಚಿಟ್ಟರು.

"ಬ್ವೆನೋ, ನಿನಗೆ ವ್ಯಾಕರಣ ಆಮೇಲೆ. ನೀನು ಯೋಚಿಸುವಾಗ ಬಾಯಿ ಮುಚ್ಚುತ್ತೀ. ನಮ್ಮವರ ನಡುವೆ ಸುಮ್ಮನಾದರೆ, ಪ್ವೆಸ್, ನಿನ್ನ ಸರದಿ ಮುಗಿಯಿತು ಅಂತಲೇ ಅರ್ಥ."

ಅಂದು ಬೋರ್ಡಿನ ತುಂಬ ಆ ಬೇಡದ ಮಾತುಗಳನ್ನೇ ಬರೆದರು. ನಮ್ಮೂರಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಹಾಗೆ, ಜಾಗ ಹಿಡಿಯಲಿಕ್ಕೇ ಇರುವ ಮಾತುಗಳವು. ನಿಮ್ಮ ಭಾಷೆಯಲ್ಲಿ ಏನಿದೆ ಎಂದು ಕೇಳಿದರು. "ಎಂತ ಗೊತ್ತುಂಟಾ" ಎಂದೆ. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ಮರುದಿನದಿಂದ ಲೆಬನಾನಿನ ವಿದ್ಯಾರ್ಥಿಗಳ ಜೊತೆಗೂ "ಪ್ವೆಸ್, ಎಂತ ಗೊತ್ತುಂಟಾ" ಎಂದೇ ಪಾಠ ಶುರು.

ಕೇಂದ್ರದ ನಿರ್ದೇಶಕರಿಗೆ ಇದು ಹಿಡಿಸಲಿಲ್ಲ. ಒಂದು ಸಂಜೆ ಒಳಗೆ ಬಂದವರೇ, ಇದು ಬೀದಿ ಮಾತು, ಅಳಿಸಿ ಪುಸ್ತಕದಲ್ಲಿರುವುದನ್ನು ಕಲಿಸಿ ಎಂದರು. ಟೀಚರ್ ಡಸ್ಟರ್ ಎತ್ತಿಕೊಂಡು ಅವರ ಕೈಗೇ ಕೊಟ್ಟರು. "ನೀವೇ ಅಳಿಸಿ. ನಾನು ಮತ್ತೆ ಬರೆಯುತ್ತೇನೆ." ಅವರು ಅಳಿಸಿದರು, ಇವರು ಬರೆದರು. ತಿಂಗಳು ಕಳೆಯುವುದರೊಳಗೆ ಟೀಚರರ ಒಪ್ಪಂದ ಖಲಾಸ್, ಅದರ ಜೊತೆಗೆ ಆ ದೇಶದಲ್ಲಿ ಉಳಿಯಲು ಬೇಕಾದ ಇಕಾಮಾ ಪರವಾನಗಿ ಕೂಡ.

ಕಂಪನಿಯ ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು "ಅ ವೇರ್..." ಎಂದೆ. ಮ್ಯಾನೇಜರ್ ಬಾಯಿ ತೆರೆದ. ಬೋರ್ಡಿನ ಇನ್ನೊಂದು ಮಾತು, "ಎಸ್ ಕೆ..." ಎಂದು ಕೈ ಎತ್ತಿದೆ. ಕ್ರಿಯಾಪದಗಳೆಲ್ಲ ತಪ್ಪಿದವು, ಆದರೆ ಉಸಿರೆಳೆಯುವ ಕಡೆಯಲ್ಲೂ ಒಂದು "ಪ್ವೆಸ್" ಇಟ್ಟೆ, ಯಾರಿಗೂ ನುಗ್ಗಲು ಸಂದಿ ಸಿಗಲಿಲ್ಲ. ಎಸಿ ಇರುವ ಬಸ್ಸು ಬರುವವರೆಗೆ ಮಧ್ಯಾಹ್ನದ ಪಾಳಿಯ ಪ್ಲಾನಿಗೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿಯೇ ಕುಳಿತೆ. ಸಂತೆಯವಳ ಹಾಗೆ ಮಾತಾಡುವುದನ್ನು ಯಾರು ಕಲಿಸಿದರು ಎಂದು ಮ್ಯಾನೇಜರ್ ಕೇಳಿದ. ನನ್ನ ಟೀಚರ್ ಎಂದೆ, ಹೆಸರು ಸಮೇತ. ಆ ವಾರವೇ ಬೇರೆ ಬಸ್ಸು ಬಂತು.

ಸುದ್ದಿ ಹೇಳಲು ಹೋದಾಗ ಅವರ ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗಳು ಸಾಲಾಗಿದ್ದವು. ಎಲ್ಲವನ್ನೂ ಕೇಳಿ, ನನ್ನ ಕ್ರಿಯಾಪದಗಳನ್ನು ತಿದ್ದಿ, "ಬ್ವೆನೋ, ಪ್ವೆಸ್ ನಾದಾ" ಎಂದು ಎದ್ದರು. ಸ್ಪೇನಿನವರು ಹೊರಡುವಾಗ ಹೇಳುವ ಮಾತದು. ಆದರೆ ಹೇಳಿದ ಮೇಲೆ ಬಾಗಿಲಲ್ಲಿ ನಿಂತು ಮತ್ತೆ ಅರ್ಧ ಗಂಟೆ ಹರಟುವುದು ರೂಢಿ. ಕೆಳಗೆ ಏರ್‌ಪೋರ್ಟಿಗೆ ಕರೆದೊಯ್ಯಲು ಬಂದ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಲೇ ಇತ್ತು. "ಕಾಯಲಿ" ಎಂದರು, ಹರಟಿದೆವು.

ಕೊನೆಗೆ ಟ್ಯಾಕ್ಸಿ ಹತ್ತಿ ಗಾಜು ಇಳಿಸಿದರು. "ಎಂತ ಗೊತ್ತುಂಟಾ..." ಎಂದರು. ಅಷ್ಟರಲ್ಲಿ ಟ್ಯಾಕ್ಸಿ ಹೊರಟುಬಿಟ್ಟಿತು.

ಮತ್ತೆ ಅವರನ್ನು ನೋಡಿಲ್ಲ. ಆದರೆ ಅವರು ಕಲಿಸಿದ ಲೆಕ್ಕದಲ್ಲಿ, ಅವರ ಸರದಿ ಇನ್ನೂ ಮುಗಿದಿಲ್ಲ.