ಹಲ್ಲು ಕೂರಿಸುವ ಹುಡುಗಿ

"ಕಾಲೇಜಲ್ಲಿ ನನ್ನ ನಂಬರ್ ನಲವತ್ತೇಳು ಅಜ್ಜಿ. ಹಾಜರಿ ಕರೆಯೋವಾಗ ನಲವತ್ತಾರು ಆದ ತಕ್ಷಣ ಎದೆ ಡವಡವ ಅನ್ನುತ್ತೆ, ಎಲ್ಲಿ ನನ್ನ ದನಿ ಹೊರಡಲ್ವೋ ಅಂತ. 'ಇದ್ದೀನಿ ಸರ್' ಅಂತೀನಿ. ಎಷ್ಟೋ ದಿನ ಬೆಳಗಿಂದ ಸಂಜೆ ತನಕ ನಾನಾಡೋ ಮಾತು ಅದೊಂದೇ. ಯಾರೂ ಕೆಟ್ಟವರಲ್ಲ, ನನ್ನನ್ನ ಯಾರೂ ಏನೂ ಅಂದಿಲ್ಲ. ಅನ್ನೋಕೂ ಗುರುತು ಇರಬೇಕಲ್ಲ! ಮೊನ್ನೆ ಒಂದು ವಾರ ಜ್ವರ ಅಂತ ಮಲಗಿದ್ದೆ, ನಿಮಗೇ ಗೊತ್ತು. ವಾಪಸ್ ಹೋದಾಗ ಪಕ್ಕದವಳು 'ಹೊಸದಾಗಿ ಸೇರಿದ್ಯಾ?' ಅಂದ್ಲು. ಎರಡು ವರ್ಷದಿಂದ ಅವಳ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದೀನಿ ಅಜ್ಜಿ! ಹಲ್ಲು ಮಾಡೋ ವರ್ಕ್‌ಶಾಪಲ್ಲೂ ಯಾರೂ ಮಾತಾಡಲ್ಲ, ಬಿಡಿ. ಅಲ್ಲಿರೋದು ಪ್ಲಾಸ್ಟರಿನ ಬಾಯಿಗಳು. ಆದ್ರೆ ಆ ಸುಮ್ಮನಿರೋದೇ ಬೇರೆ ಥರ. ಒಂದು ಬಾಯಿ ಕೈಗೆತ್ಕೊಂಡ್ರೆ, ಇವರು ಬಲಗಡೆಯೇ ಅಗಿಯೋದು, ಇವರು ಕೋಪ ನುಂಗಿ ನುಂಗಿ ಹಲ್ಲು ಸವೆಸ್ಕೊಂಡವರು ಅಂತೆಲ್ಲ ಗೊತ್ತಾಗುತ್ತೆ. ಅವರ್ಯಾರೋ, ನಾನ್ಯಾರೋ. ಆದರೂ ಗೊತ್ತಾಗುತ್ತೆ. ಹಾಗಂತ ಕಾಲೇಜು ಬಿಟ್ಟುಬಿಡೋದಾ? ಅಣ್ಣನಿಗೆ ಯಾವ ಬಾಯಲ್ಲಿ ಹೇಳಲಿ? ಬಿಡದೇ ಇದ್ರೆ ವರ್ಕ್‌ಶಾಪಿನ ಮೇಷ್ಟ್ರು ಕೆಲಸಕ್ಕೆ ಬೇರೆಯವರನ್ನ ಇಟ್ಕೋತಾರೆ. ಶುಕ್ರವಾರದೊಳಗೆ ಹೇಳು ಅಂದಿದ್ದಾರೆ. ಪರೀಕ್ಷೆ ಫಾರಂ ಕೊಡೋಕೂ ಶುಕ್ರವಾರ ನಾಲ್ಕು ಗಂಟೆಯೇ ಕೊನೆ. ಎರಡೂ ಒಂದೇ ದಿನ ಬಂದು ವಕ್ಕರಿಸಬೇಕಿತ್ತಾ?"

ಇಷ್ಟನ್ನೂ ಅವಳು ಹೇಳಿದ್ದು ಒಂದು ಸೋಮವಾರ ಸಂಜೆ, ನನ್ನ ಹೊಸ್ತಿಲ ಮೇಲೆ ಕೂತು, ಉಗುರಿನ ಸಂದಿಯಲ್ಲಿ ಒಣಗಿದ್ದ ಪ್ಲಾಸ್ಟರನ್ನು ಕೆರೆದು ತೆಗೆಯುತ್ತ. ನಾವಿರುವ ಕಟ್ಟಡದಲ್ಲಿ ಕೆಳಗಿನ ಕೋಣೆ ನನ್ನದು, ನನ್ನ ತಲೆಯ ಮೇಲಿನದು ಅವಳದು. ಮೇಲೆ ಏನು ನಡೆದರೂ ನನಗೆ ಕೇಳುತ್ತಿತ್ತು. ಆದರೆ ನಡೆಯುತ್ತಿದ್ದುದಾದರೂ ಏನು? ಕುರ್ಚಿ ಎಳೆದ ಸದ್ದು, ನಲ್ಲಿ ತಿರುಗಿಸಿದ ಸದ್ದು, ಪುಸ್ತಕ ಮೇಜಿನ ಮೇಲಿಟ್ಟ ಸದ್ದು. ಇಪ್ಪತ್ತು ವರ್ಷದ ಹುಡುಗಿಯ ಕೋಣೆಯಿಂದ ಬರಬೇಕಾದ ನಗು, ಜಗಳ, ಗೆಳತಿಯರ ಚಪ್ಪಲಿ ಸದ್ದು, ಒಂದೂ ಇಲ್ಲ. ಭಾನುವಾರ ಮಾತ್ರ ಅಣ್ಣನ ಫೋನು ಬರುತ್ತಿತ್ತು. ಆಗ ಅವಳ ದನಿ ಕೇಳಿದರೆ ಬೇರೆ ಯಾರೋ ಬಂದಿದ್ದಾರೇನೋ ಅನ್ನಿಸಬೇಕು, ಅಷ್ಟು ಗಟ್ಟಿ, ಅಷ್ಟು ಹುರುಪು. "ಓದ್ತಿದ್ದೀನಣ್ಣ, ಚೆನ್ನಾಗಿ ಓದ್ತಿದ್ದೀನಿ. ಗೆಳತಿಯರಾ? ಬೇಕಾದಷ್ಟು ಇದ್ದಾರೆ!" ಫೋನು ಇಟ್ಟ ಮೇಲೆ ಮತ್ತೆ ಕುರ್ಚಿಯ ಸದ್ದು.

ತಂದೆ ತಾಯಿ ಇಲ್ಲದ ಮನೆಯಲ್ಲಿ ಆ ಅಣ್ಣನೇ ಎಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟು ಲಾರಿಯ ಹಿಂದೆ ಮೂಟೆ ಹೊತ್ತವನು, ಈಗ ಅದೇ ಲಾರಿ ಓಡಿಸುತ್ತಿದ್ದ. ತಂಗಿ ಕಾಲೇಜಿನ ಗೇಟಿನೆದುರು ನಿಂತ ಚಿತ್ರವನ್ನು ಲಾರಿಯ ಗಾಜಿನ ಮೂಲೆಯಲ್ಲಿ ಅಂಟಿಸಿಕೊಂಡಿದ್ದಾನಂತೆ. ಅವಳ ಅತ್ತಿಗೆ ತಮಾಷೆಯ ಹೆಂಗಸು. "ನಿಮ್ಮಣ್ಣ ನನ್ನ ಫೋಟೋ ಎಲ್ಲೂ ಅಂಟಿಸಿಲ್ಲ ಕಣೇ, ನಾನೂ ಕಾಲೇಜಿಗೆ ಸೇರಿಬಿಡ್ಲಾ?" ಎಂದು ಫೋನಿನಲ್ಲಿ ಹಂಗಿಸುತ್ತಿದ್ದಳು.

ಹುಡುಗಿ ವರ್ಕ್‌ಶಾಪಿಗೆ ಹೋಗತೊಡಗಿದ್ದು ಮೊದಲ ವರ್ಷ, ಮಧ್ಯಾಹ್ನದ ಹೊತ್ತು ಮೂರು ತಾಸು ಪ್ಲಾಸ್ಟರ್ ಕಲಸುವ ಕೆಲಸಕ್ಕೆ. ಅಲ್ಲಿನ ಯಜಮಾನನನ್ನು ಎಲ್ಲರೂ ಹಲ್ಲಿನ ಮೇಷ್ಟ್ರು ಎನ್ನುತ್ತಿದ್ದರು. ಅವರು ಪಾಠ ಹೇಳುವವರೂ ಅಲ್ಲ, ಡಾಕ್ಟರೂ ಅಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಆ ಅಚ್ಚಿಗೆ ತಕ್ಕ ಕಟ್ಟುಹಲ್ಲು ಮಾಡಿ ಕೊಡುತ್ತಾರೆ. ನನ್ನ ಹಲ್ಲೂ ಅವರು ಮಾಡಿದ್ದೇ. ಅದು ಬಚ್ಚಲಲ್ಲಿ ಕೈಜಾರಿ ಬಿದ್ದು ಸೀಳಿದಾಗ ಬೆಸೆಸಿಕೊಳ್ಳಲು ಒಮ್ಮೆ ನಾನೇ ಹೋಗಿದ್ದೆ. ಸೈಕಲ್ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ. ನೆಲ, ಕಿಟಕಿ, ದೀಪದ ತಂತಿ, ಎಲ್ಲದರ ಮೇಲೂ ಬಿಳಿ ಧೂಳು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಬಾಯಿಗಳು. ಒಂದು ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಅದರಲ್ಲಿ ಯಾರದೋ ಹಲ್ಲು ಬೇಯುತ್ತಿತ್ತು. ಅದನ್ನು ನೋಡಿ ನಾನು ಮುಖ ಕಿವಿಚಿದ್ದಕ್ಕೆ ಮೇಷ್ಟ್ರು, "ಹೆದರಬೇಡಿ ಅಜ್ಜಿ, ಬೆಂದ ಮೇಲೆ ಕಚ್ಚಲ್ಲ" ಎಂದರು.

ಹುಡುಗಿಗೆ ಅವರು ಕಲಿಸಿದ್ದು ನಿಧಾನ. ಹಲ್ಲನ್ನು ಮೊದಲು ಮೇಣದಲ್ಲಿ ಒಂದೊಂದಾಗಿ ಕೂರಿಸಬೇಕು. ಕೂರಿಸಿದ ಮೇಲೆ ಬಟ್ಟೆ ಮುಚ್ಚಿಟ್ಟು ಮನೆಗೆ ಹೋಗಬೇಕು. ಮರುದಿನ ಬಂದವಳು ಕೈ ತೊಳೆಯುವ ಮೊದಲೇ ಬಟ್ಟೆ ತೆಗೆದು, ಬೀದಿಯಲ್ಲಿ ಎದುರಾದ ಅಪರಿಚಿತರನ್ನು ನೋಡುವಂತೆ ಅದನ್ನು ನೋಡಬೇಕು. ಆಗಲೂ ಹಲ್ಲು ಹಲ್ಲಿನ ಹಾಗೆ ಕಂಡರೆ ಸರಿ, ತನ್ನ ಕೆಲಸದ ಹಾಗೆ ಕಂಡರೆ ಕಿತ್ತು ಮತ್ತೆ ಕೂರಿಸಬೇಕು. ಒಂದೂವರೆ ವರ್ಷದಲ್ಲಿ ಅವಳಿಗೆ ಆ ಕೈ ಬಂತು. ಅದೇ ಹೊತ್ತಿಗೆ ಮೇಷ್ಟ್ರ ಕೈ ಹೋಗತೊಡಗಿತು. ಬಲಗೈ ನಡುಗದಂತೆ ಎಡಗೈಯಲ್ಲಿ ಮಣಿಕಟ್ಟು ಹಿಡಿದುಕೊಂಡು ಅವರು ಮೇಣ ಕೆತ್ತುವುದನ್ನು ನಾನೇ ಕಂಡೆ. ದಿನವಿಡೀ ಕೂರುವವರು ಒಬ್ಬರು ಬೇಕೇ ಬೇಕಾಗಿತ್ತು. ಕಾಲೇಜಿನಲ್ಲಿ ನೋಡಿದರೆ ಮೂರನೇ ವರ್ಷಕ್ಕೆ ಮಧ್ಯಾಹ್ನವೆಲ್ಲ ಲ್ಯಾಬು. ಎರಡು ದೋಣಿಯಲ್ಲಿ ಕಾಲಿಡುವ ದಿನ ಮುಗಿದಿತ್ತು.

ಪ್ಲಾಸ್ಟರ್ ಮೆತ್ತಿಕೊಂಡು ಬರುವ ಅವಳಿಗೆ ಮೂಲೆಯಂಗಡಿಯವನು ಸುಣ್ಣಮ್ಮ ಎಂದು ಹೆಸರಿಟ್ಟಿದ್ದ. "ಏನ್ ಸುಣ್ಣಮ್ಮ, ಇವತ್ತು ಎಷ್ಟು ಗೋಡೆ ಬಳಿದೆ?"

"ಗೋಡೆ ಅಲ್ಲಣ್ಣ, ಬಾಯಿ. ಸಕ್ಕರೆ ಡಬ್ಬಿಗೆ ಕೈ ಹಾಕೋದು ನಿಲ್ಲಿಸದಿದ್ರೆ ನಿಮ್ಮದೂ ಬರುತ್ತೆ, ತಾಳಿ."

ಆ ವಾರ ಅಂಗಡಿಯವನು ಕೂಗಿದರೂ ಅವಳು ತಿರುಗಿ ನೋಡಲಿಲ್ಲ. ಫಾರಂ ತುಂಬಿ, ಸಹಿ ಹಾಕಿ, ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಕಾಲೇಜಿನ ಕಚೇರಿಯ ಕಿಟಕಿಗೆ ಕೊಡಲಿಲ್ಲ, ಹರಿದೂ ಹಾಕಲಿಲ್ಲ.

ಗುರುವಾರ ಒಂದು ಜೊತೆ ಹಲ್ಲು ಕೊಡುವುದಿತ್ತು. ಮೇಷ್ಟ್ರು ಕೈಹಾಕದೆ ಮೊದಲಿನಿಂದ ಕೊನೆತನಕ ಅವಳೊಬ್ಬಳೇ ಮಾಡಿದ ಮೊದಲ ಬಾಯಿ ಅದು. ಬಾಯಿಯ ಯಜಮಾನ ಮೂವತ್ತು ವರ್ಷ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ಮೇಲೆ ಕೆಳಗೆ ಓಡಿಸಿದ ಮುದುಕ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆತ ತನ್ನದೊಂದು ಹಳೆಯ ಫೋಟೋ ತಂದುಕೊಟ್ಟಿದ್ದ. ನಗುತ್ತಿದ್ದಾನೆ, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸೊಟ್ಟಗೆ ಪಕ್ಕದ್ದರ ಮೇಲೆ ಹತ್ತಿ ಕೂತಿದೆ. "ಈ ಫೋಟೋ ತೆಗೆದವಳು ಅವಳೇ. ಸೊಟ್ಟ ಹಲ್ಲು ಹಾಗೇ ಇರಲಿ ಮಗಳೇ. ನೆಟ್ಟಗೆ ಮಾಡಿದ್ರೆ ಯಾರದೋ ಬಾಯಿ ಆಗಿಬಿಡುತ್ತೆ" ಎಂದಿದ್ದ.

ಮೂರು ವಾರ ಅವಳು ಆ ಫೋಟೋವನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಿದಳು. ಗುರುವಾರ ಮುದುಕ ಬಂದು ಹಲ್ಲು ಹಾಕಿಕೊಂಡ. ಕನ್ನಡಿ ನೋಡಿಕೊಂಡ. ಕಣ್ಣಲ್ಲಿ ನೀರು ತುಂಬಿತು. "ಅದೇ! ಅದೇ ನಗು!" ಎಂದು ಕನ್ನಡಿಯಿಂದ ಮುಖ ತೆಗೆದು ಇವಳ ಕಡೆ ತಿರುಗಿ ನಕ್ಕ. ಇವಳ ಕೈಯಲ್ಲಿ ಹಿಂತಿರುಗಿಸಬೇಕಾದ ಫೋಟೋ ಇತ್ತು. ಫೋಟೋ ನೋಡಿದಳು, ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು.

ಸೊಟ್ಟ ಹಲ್ಲು ಇರಬೇಕಾದ ಕಡೆ ಇರಲಿಲ್ಲ. ಇನ್ನೊಂದು ಕಡೆ ಇತ್ತು.

ಆಗಿದ್ದು ಇಷ್ಟೇ. ಮೇಲಿನ ದವಡೆಗೆ ಹಲ್ಲು ಕೂರಿಸುವವರು ಅಚ್ಚನ್ನು ತಲೆಕೆಳಗು ಮಾಡಿಟ್ಟುಕೊಂಡು ಕೂರಿಸುತ್ತಾರೆ. ತಲೆಕೆಳಗಾದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅವಳು ಫೋಟೋದ ಎಡಗಡೆ ಕಂಡದ್ದನ್ನು ಅಚ್ಚಿನ ಎಡಗಡೆಗೆ ಇಟ್ಟುಬಿಟ್ಟಿದ್ದಳು. ಮರುದಿನ ಬಟ್ಟೆ ತೆಗೆದು ಅಪರಿಚಿತಳಂತೆ ನೋಡಿದ್ದಳು ನಿಜ, ಆದರೆ ಆಗಲೂ ಅದು ತಲೆಕೆಳಗಾಗಿಯೇ ಇತ್ತು. ಮೇಣದಲ್ಲಿರುವಾಗ ಒಮ್ಮೆ ಮುದುಕನ ಬಾಯಿಗಿಟ್ಟು ನೋಡಿದ್ದೂ ಆಗಿತ್ತು, ಆದರೆ ಅವನು ನೋಡಿಕೊಂಡದ್ದು ಕನ್ನಡಿಯಲ್ಲಿ. ಕನ್ನಡಿಯೂ ಎಡ ಬಲ ಅದಲು ಬದಲು ಮಾಡುವಂಥದ್ದೇ. ಹಾಗಾಗಿ ಅವನ ಕಣ್ಣಿಗೆ ಎಲ್ಲವೂ ಫೋಟೋದಲ್ಲಿದ್ದಂತೆಯೇ ಕಂಡಿತ್ತು. ತಪ್ಪು ಕಾಣುವುದು ಎದುರು ಕೂತು ನೋಡುವವರಿಗೆ ಮಾತ್ರ. ಮೇಷ್ಟ್ರು ಎದುರಿಗೇ ನಿಂತಿದ್ದರು. ಅವರ ಕಣ್ಣಿಗೂ ಬೀಳಲಿಲ್ಲ. "ಭೇಷ್" ಎಂದು ಅವಳ ಬೆನ್ನು ತಟ್ಟಿದರು.

ಸಂಜೆ ಅವಳು ಇದನ್ನು ಹೇಳುವಾಗ ನಾನೂ ಎಲ್ಲರ ಹಾಗೆ, "ಗೊತ್ತಾಗೋದು ಯಾರಿಗೆ, ಬಿಡು" ಎಂದುಬಿಟ್ಟೆ.

"ನನಗೆ ಗೊತ್ತಾಯ್ತಲ್ಲ ಅಜ್ಜಿ" ಎಂದಳು. "ಗೊತ್ತಿರೋಳು ನಾನೊಬ್ಬಳೇ ಅನ್ನೋದೇ ಕಷ್ಟ ಆಗ್ತಿರೋದು." ಆಮೇಲೆ, "ನಾಳೆ ಫಾರಂ ಕೊಟ್ಟುಬಿಡ್ತೀನಿ. ಈ ಕೆಲಸ ನನ್ನ ಕೈಲಾಗೋದಲ್ಲ" ಎಂದು ಎದ್ದು ಹೋದಳು. ಮೇಲೆ ಕುರ್ಚಿಯ ಸದ್ದೂ ಕೇಳಲಿಲ್ಲ.

ಶುಕ್ರವಾರದ ಸಂಗತಿ ಅವಳು ನನಗೆ ಹೇಳಿದ್ದು ಮರುದಿನ. ಕಾಲೇಜಿಗೆಂದೇ ಹೊರಟವಳು ಅದಕ್ಕೂ ಮೊದಲು ಲಿಫ್ಟಿನ ಮುದುಕನ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ, ಒಂದೇ ಮಂಚ, ಒಂದು ಕುರ್ಚಿ. ಆತ ಹಲ್ಲು ಹಾಕಿಕೊಂಡೇ ಬಾಗಿಲು ತೆಗೆದ. ಇವಳು ನಿಂತಲ್ಲೇ ತಪ್ಪನ್ನೆಲ್ಲ ಒಪ್ಪಿಸಿದಳು. "ಕೊಡಿ ತಾತ, ಒಂದು ವಾರ. ಕಿತ್ತು ಸರಿ ಮಾಡಿ ತಂದುಕೊಡ್ತೀನಿ."

"ನನಗೆ ಸರಿಯಾಗೇ ಕಾಣ್ತಿದೆಯಲ್ಲ."

"ಕನ್ನಡಿಯಲ್ಲಿ ಹಾಗೆ ಕಾಣುತ್ತೆ. ಎದುರಿಗೆ ಕೂತವರಿಗೆ ಹಾಗೆ ಕಾಣಲ್ಲ."

"ಎದುರಿಗೆ ಯಾರು ಕೂರ್ತಾರೆ ಮಗಳೇ?" ಎಂದ ಮುದುಕ. ಬೇಜಾರಿನಿಂದ ಅಂದದ್ದಲ್ಲವಂತೆ, ಸಮಯ ಎಷ್ಟಾಯಿತು ಎಂದು ಕೇಳಿದ ಹಾಗೆ ಕೇಳಿದನಂತೆ. ಆಮೇಲೆ ಗೋಡೆಯ ಕನ್ನಡಿಯ ಹತ್ತಿರ ಹೋಗಿ ಹಲ್ಲು ಕಿರಿದು ನೋಡಿಕೊಂಡ. "ಫೋಟೋ ನನ್ನ ಹೆಂಡತಿ ಕಣ್ಣಿಗೆ ಕಂಡದ್ದು. ನಾನು ಅವಳ ಕಣ್ಣಿಗೆ ಹೇಗೆ ಕಾಣ್ತಿದ್ದೆ ಅಂತ ಈ ಕನ್ನಡಿಯಲ್ಲಿ ಈಗ ನೋಡ್ತಿದ್ದೀನಿ. ಇದನ್ನ ಯಾಕೆ ಕಿತ್ಕೊಳ್ತೀಯ? ಇರಲಿ ಬಿಡು."

ಕೊಡಲೇ ಇಲ್ಲ. ಇವಳು ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಳು. ಮೂರು ಗಂಟೆ. ಕಾಲೇಜಿನ ಬಸ್ಸು ಬಂತು.

"ಹತ್ತೋಕೆ ಕಾಲೆತ್ತಿದೆ ಅಜ್ಜಿ. ಕಾಲೇಜಲ್ಲಿ ನಾನು ತಪ್ಪು ಮಾಡಿದ್ರೆ ನನಗೇ ಎರಡು ಅಂಕ ಕಮ್ಮಿ ಆಗುತ್ತೆ, ಮುಗೀತು. ಇಲ್ಲಿ ನನ್ನ ತಪ್ಪನ್ನ ಇನ್ನೊಬ್ಬರು ಬಾಯಲ್ಲಿಟ್ಕೊಂಡು ಬದುಕ್ತಾರೆ. ಅದಕ್ಕೇ ಓಡಿಹೋಗ್ತಿದ್ದೀನಿ ಅಂತ ಗೊತ್ತಾಯ್ತು. ಓದಬೇಕು ಅಂತ ಹೋಗ್ತಿದ್ರೆ ಹತ್ತಿಬಿಡ್ತಿದ್ದೆ. ಯಾರ ಮೇಲೂ ನನ್ನ ಗುರುತು ಬೀಳದ ಜಾಗ ಅಂತ ಹೋಗ್ತಿದ್ದೆ. ಕಂಡಕ್ಟರ್, 'ಬರ್ತೀಯೋ, ಪೂಜೆ ಮಾಡಿ ಕರೀಬೇಕೋ?' ಅಂದ. ಇಲ್ಲ ಅಂದೆ."

ಇನ್ನೂ ಒಂದು ಬಸ್ಸು ಬಿಟ್ಟಳು. ಗಡಿಯಾರದಲ್ಲಿ ನಾಲ್ಕಾಗುವ ತನಕ ಅಲ್ಲೇ ನಿಂತಿದ್ದು, ಆಮೇಲೆ ನಡೆದುಕೊಂಡೇ ವರ್ಕ್‌ಶಾಪಿಗೆ ಹೋದಳು. ಮೇಷ್ಟ್ರಿಗೆ ಮೊದಲು ತಪ್ಪನ್ನು ಹೇಳಿದಳು. ಅವರು ಮುದುಕನ ಅಚ್ಚನ್ನು ಹಲಗೆಯಿಂದ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಹಲಗೆಯ ಮೇಲೆ ವಾಪಸಿಟ್ಟರು. "ನಂಗೆ ಕಾಣಲಿಲ್ಲ" ಎಂದರು, ಅವಳಿಗಲ್ಲ, ಆ ಅಚ್ಚಿಗೆ. ಆಮೇಲೆ, "ನಾಳೆ ಎಂಟಕ್ಕೆ ಬಾ" ಎಂದರು.

ಅಣ್ಣನಿಗೆ ಹೇಳಿದ್ದು ಆ ಭಾನುವಾರ. ಮೇಲಿನಿಂದ ನನಗೆ ಕೇಳಿದ್ದು ಇವಳ ಮಾತು ಮಾತ್ರ. ಅವನು ಅಂದದ್ದನ್ನು ಅವಳೇ ಬಂದು ಹೇಳಿದಳು. "ನಾನು ಏಳನೇ ಕ್ಲಾಸಿಗೇ ಬಿಟ್ಟೆ. ನಮ್ಮ ಮನೇಲಿ ಬಿಡೋದಕ್ಕೆ ಒಬ್ಬ ಸಾಕಾಗಿತ್ತು." ಅಷ್ಟು ಹೇಳಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟನಂತೆ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇದಾಗಿ ಏಳು ತಿಂಗಳು. ಮೇಷ್ಟ್ರು ಈಗ ಬೆಳಿಗ್ಗೆ ಒಂದು ಗಂಟೆ ಬಂದು ಕೂತು ಹೋಗುತ್ತಾರೆ. ಉಳಿದ ಹೊತ್ತೆಲ್ಲ ಆ ಉದ್ದನೆಯ ಕೋಣೆಯಲ್ಲಿ ಅವಳೂ ಬಾಯಿಗಳೂ. ಅವಳ ಕೆಲಸ ಚೆನ್ನಾಗಿದೆ ಎಂದು ಡಾಕ್ಟರುಗಳು ಹೇಳುತ್ತಾರಂತೆ. ಯಾರ ಬಾಯಿ ಎಂದು ಅವಳಿಗೆ ಗೊತ್ತಿರುತ್ತದೆ, ಯಾರು ಮಾಡಿದ್ದು ಎಂದು ಬಾಯಿಗೆ ಗೊತ್ತಿರುವುದಿಲ್ಲ. ಅವಳ ಜೊತೆ ಓದಿದವರು ಪರೀಕ್ಷೆ ಮುಗಿಸಿ ಗುಂಪುಗುಂಪಾಗಿ ನಮ್ಮ ಬೀದಿಯಲ್ಲೇ ಹೋದರು. ಒಬ್ಬಳೂ ತಲೆಯೆತ್ತಿ ಮೇಲಿನ ಕಿಟಕಿ ನೋಡಲಿಲ್ಲ. ನೋಡಲು ಅವರಿಗೆ ಕಾರಣವೂ ಇರಲಿಲ್ಲ. "ಕಾಲೇಜಲ್ಲೇ ಇದ್ದಿದ್ರೆ ಅಂತ ಅನ್ನಿಸುತ್ತಾ?" ಎಂದು ಒಮ್ಮೆ ಕೇಳಿದೆ. "ಕೆಲವು ದಿನ ಅನ್ನಿಸುತ್ತೆ" ಎಂದಳು. ಸುಳ್ಳು ಹೇಳುವವಳಲ್ಲ.

ಭಾನುವಾರ ಈಗಲೂ ಫೋನು ಬರುತ್ತದೆ, ಅತ್ತಿಗೆಯದು. ಈಗ ಅವಳು ಅದನ್ನು ನನ್ನ ಕೋಣೆಯಲ್ಲೇ ಕೂತು ಮಾತಾಡುತ್ತಾಳೆ. ಮೊನ್ನೆಯೂ ಹಾಗೆಯೇ.

"ನಿಮ್ಮಣ್ಣ ಇಲ್ಲೇ ಇದ್ದಾನಮ್ಮ, ಗೋಡೆ ನೋಡ್ಕೊಂಡು" ಎಂದಳು ಅತ್ತಿಗೆ. ನನಗೂ ಕೇಳಿತು.

"ಫೋನು ಅವನ ಕಿವಿಗಿಡಿ ಅತ್ತಿಗೆ. ಮಾತಾಡೋದೇನೂ ಬೇಡ."

ಆಮೇಲೆ ಇವಳು ಆ ವಾರ ಮಾಡಿದ ಹಲ್ಲುಗಳ ವಿಷಯ ಒಂದೊಂದಾಗಿ ಹೇಳಿದಳು. ಒಬ್ಬ ದರ್ಜಿ ಹೆಂಗಸಿನದು, ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿನಲ್ಲಿ ತೋಡು ಬಿದ್ದಿತ್ತಂತೆ, ಹೊಸ ಹಲ್ಲಿಗೂ ಆ ತೋಡು ಬೇಕು ಎಂದಳಂತೆ. ಇನ್ನೊಂದು ಒಬ್ಬ ಬಸ್ ಡ್ರೈವರನದು. ಡ್ರೈವರನದನ್ನು ಸ್ವಲ್ಪ ವಿವರವಾಗಿಯೇ ಹೇಳಿದಳು. ಆ ಕಡೆಯಿಂದ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. "ಸರಿ ಅಣ್ಣ, ಇಡ್ತೀನಿ" ಎಂದಳು.

ಫೋನು ಪಕ್ಕಕ್ಕಿಟ್ಟಳು. ನನ್ನ ಮಡಿಲಲ್ಲಿ ಹುರುಳಿಕಾಯಿ ಇತ್ತು, ಮಧ್ಯಾಹ್ನದ ಅಡುಗೆಗೆ. ಅರ್ಧವನ್ನು ಅವಳ ಮುಂದೆ ಸುರಿದೆ. ಅವಳು ಒಂದೊಂದೇ ಕಾಯಿ ಎತ್ತಿ, ತೊಟ್ಟು ಮುರಿದು, ನಾರು ಎಳೆದು ಪಾತ್ರೆಗೆ ಹಾಕತೊಡಗಿದಳು. ಬಲಿತಿದ್ದ ಕಾಯಿಗಳನ್ನು ಬೇರೆ ಇಟ್ಟಳು.