ದಡಾರದ ಮನೆಯ ಮೊಸರನ್ನ

ನನ್ನ ಮೊದಲ ಮಗು ಹೋದಾಗ ಮಾತಾಡಿಸಲು ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ. "ಸೂಜಿ ಹಾಕ್ಸಿರ್ಲಿಲ್ವಾ?" ಚಾಪೆಯ ಮೇಲೆ ಕೂತು, ಸೆರಗಿನಲ್ಲಿ ಮೂಗೊರೆಸಿಕೊಂಡು, ಕೊಟ್ಟ ನೀರು ಕುಡಿದು ಕೇಳುತ್ತಿದ್ದರು. "ಒಂಬತ್ತು ತಿಂಗ್ಳು ತುಂಬಿರ್ಲಿಲ್ಲ" ಅನ್ನುತ್ತಿದ್ದೆ. ಏಳು ತಿಂಗಳ ಕೂಸಿಗೆ ದಡಾರದ ಸೂಜಿ ಹಾಕುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಒಬ್ಬಾಕೆ ನನ್ನೆದುರಿಗೇ ಗಾದೆ ಹೇಳಿ ಎದ್ದುಹೋದಳು. ನನಗೆ ಸಿಟ್ಟು ಬರಲಿಲ್ಲ. ಆಗ ನನಗೆ ಏನೂ ಬರುತ್ತಿರಲಿಲ್ಲ, ಅಳು ಕೂಡ.

ತೊಂಬತ್ತರ ದಶಕದ ನಡುವಿನ ಮಾತು. ಗುಬ್ಬಿಯಲ್ಲಿ ನಮ್ಮದು ಕೂಡು ಮನೆ. ಅತ್ತೆ, ಭಾವ, ಭಾವನ ಹೆಂಡತಿ ಅಂದರೆ ನನ್ನ ಓರಗಿತ್ತಿ, ಅವರ ಆರು ವರ್ಷದ ಮಗ, ನಾನು, ನನ್ನ ಗಂಡ, ನಮ್ಮ ಹೆಣ್ಣುಮಗು. ಗಂಡನಿಗೆ ತುಮಕೂರಿನ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ಬರುವಷ್ಟರಲ್ಲಿ ಮಗು ಮಲಗಿರುತ್ತಿತ್ತು. ಓರಗಿತ್ತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಬಾಯಿಮಾತಿಗೆ ಅನ್ನುತ್ತಿದ್ದದ್ದಲ್ಲ. ಬಾಣಂತನದಲ್ಲಿ ನನ್ನ ತಾಯಿಗಿಂತ ಹೆಚ್ಚಾಗಿ ನನಗೆ ನೀರೆರೆದವಳು ಅವಳು.

ಆ ಬೇಸಿಗೆ ಕೆಳಗಿನ ಬೀದಿಯಲ್ಲಿ ಮಕ್ಕಳಿಗೆ ದಡಾರ ಶುರುವಾಯಿತು. ಅದರ ಹೆಸರೆತ್ತಬಾರದೆಂದು ಅತ್ತೆ ಅದನ್ನು ಅಮ್ಮ ಎಂದೇ ಕರೆಯುತ್ತಿದ್ದರು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ, ಬರ್ತಾಳೆ ಬುಡು" ಅಂದರು. ಓರಗಿತ್ತಿಯ ಮಗನಿಗೆ ಚಿಕ್ಕವನಿದ್ದಾಗ ಸೂಜಿ ತಪ್ಪಿತ್ತು. ಹಾಕಿಸಬೇಕಾದ ದಿನ ಅವನಿಗೆ ಸ್ವಲ್ಪ ನೆಗಡಿ ಇತ್ತಂತೆ, ಮುಂದಿನ ಸಲ ನೋಡೋಣ ಅಂದರಂತೆ. ನಮ್ಮಂಥವರ ಮನೆಗಳಲ್ಲಿ ಮುಂದಿನ ಸಲ ಎಂಬುದು ಸುಲಭಕ್ಕೆ ಬರುವುದಿಲ್ಲ.

ಹುಡುಗನಿಗೆ ಮೊದಲು ಬಂದದ್ದು ಬರೀ ನೆಗಡಿ, ಕೆಮ್ಮು, ಕೆಂಪು ಕಣ್ಣು, ಮೈ ಬೆಚ್ಚಗೆ. ಬಿಸಿಲಿಗೆ ಆಡಿ ಆಡಿ ಹೀಗಾಗಿದೆ ಎಂದು ಅತ್ತೆ ಬೈದು ಅವನನ್ನು ಮನೆಯೊಳಗೇ ಕೂರಿಸಿದರು. ಒಳಗೆ ಕೂತವನಿಗೆ ಕೆಲಸ ಬೇಕಲ್ಲ. ನನ್ನ ಮಗುವಿನ ತೊಟ್ಟಿಲು ತೂಗುತ್ತಾ ಕೂತ. ಮಗು ಎದ್ದರೆ ಬಗ್ಗಿ ಅದರ ಮುಖಕ್ಕೆ ಮುಖ ತಂದು ಬಸ್ಸಿನ ಹಾರನ್ನಿನ ಹಾಗೆ ಸದ್ದು ಮಾಡುವನು. ಅದು ಕೇಕೆ ಹಾಕಿ ನಗುವುದು. ನಾನು ಅಡುಗೆಮನೆಯಲ್ಲಿ ನಿಶ್ಚಿಂತೆಯಾಗಿ ಮುದ್ದೆ ತಿರುವುತ್ತಿದ್ದೆ.

ಆಮೇಲೆ ಅವನ ಕಿವಿಯ ಹಿಂದೆ ದದ್ದು ಎದ್ದವು, ಮುಖಕ್ಕೆ ಇಳಿದವು, ಮೈಯೆಲ್ಲ ಹಬ್ಬಿದವು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಒಗ್ಗರಣೆ ನಿಂತಿತು. ತಲೆ ಬಾಚುವಂತಿಲ್ಲ, ಬಂದವರಿಗೆ ಭಿಕ್ಷೆ ಹಾಕುವಂತಿಲ್ಲ. ಹುಡುಗನನ್ನು ನಡುಮನೆಯಲ್ಲಿ ಬೇವಿನ ಎಲೆಯ ಮೇಲೆ ಮಲಗಿಸಿ, ನನ್ನನ್ನೂ ಮಗುವನ್ನೂ ಹಿಂದಿನ ಕೋಣೆಗೆ ಕಳಿಸಿದರು. ಈಗ ಎಚ್ಚರವಾಗಿದ್ದೇವೆ ಎಂದು ನಾವೆಲ್ಲರೂ ನಂಬಿದ್ದೆವು.

ದದ್ದು ಕಪ್ಪಾಗಿ ಒಣಗಿದ ಮೇಲಿನ ಮಂಗಳವಾರ ತಂಪು ಮಾಡಿದರು. ಹುಡುಗನಿಗೆ ಬೇವಿನ ನೀರು ಹಾಕಿ, ಮಾರಮ್ಮನ ಗುಡಿಗೆ ಮೊಸರನ್ನ, ಹಸಿ ತಂಬಿಟ್ಟು ಒಯ್ದು, ಉಳಿದದ್ದನ್ನು ಬೀದಿಯ ಮಕ್ಕಳನ್ನು ಕರೆದು ನಡುಮನೆಯಲ್ಲಿ ಸಾಲಾಗಿ ಕೂರಿಸಿ ಬಡಿಸುವುದು. ಅಮ್ಮನನ್ನು ಸಂತೋಷದಿಂದ ಕಳಿಸಿಕೊಡುವ ಊಟ ಅದು. ನಾನು ಮಗುವನ್ನೆತ್ತಿಕೊಂಡು ಬಾಗಿಲ ಬಳಿ ನಿಂತಿದ್ದೆ. "ಕೂಸ್ಗೂ ಒಂದಗುಳು ನಾಲ್ಗೆಗೆ ಮುಟ್ಸು, ಪ್ರಸಾದ" ಎಂದರು ಅತ್ತೆ. ಓರಗಿತ್ತಿ ಮಗನ ತಟ್ಟೆಯಿಂದಲೇ ಒಂದು ಚೂರು ತೆಗೆದು, ನುಣ್ಣಗೆ ಕಿವುಚಿ, ನನ್ನ ಮಗುವಿನ ಬಾಯಿಗಿಟ್ಟಳು. ಮಗು ಚಪ್ಪರಿಸಿತು. ಎಲ್ಲರೂ ನಕ್ಕೆವು.

ಅದಾಗಿ ಮೂರನೆಯ ದಿನ ಮಗುವಿಗೆ ಜ್ವರ ಬಂತು.

ಉಳಿದದ್ದನ್ನು ಹೇಳಲು ನನಗೆ ಹೆಚ್ಚು ಮಾತಿಲ್ಲ. ಅಮ್ಮ ಬಂದಾಗ ಔಷಧಿ ಕೊಡಬಾರದೆಂದು ಅತ್ತೆ ಅಂದರು. ಉಸಿರಾಡಲು ಕಷ್ಟವಾಗಿ ಮಗುವಿನ ಪಕ್ಕೆ ಸೆಳೆಯತೊಡಗಿದಾಗ ಅತ್ತೆಯೇ ಮೊದಲು ಆಸ್ಪತ್ರೆಗೆ ಎಂದು ಕೂಗಿದರು. ಬಸ್ಸಿಗೆ ಕಾಯದೆ ಪಕ್ಕದವರ ವ್ಯಾನಿನಲ್ಲಿ ತುಮಕೂರಿಗೆ ಹೋದೆವು. ದಡಾರ ಶ್ವಾಸಕೋಶಕ್ಕೆ ಇಳಿದಿದೆ ಎಂದರು. ಮರುದಿನ ಮಗು ಹೋಯಿತು. ವಾಪಸು ಬರುವಾಗ ಅದನ್ನು ಮಡಿಲಲ್ಲಿಟ್ಟುಕೊಂಡು, ರಸ್ತೆ ಬದಿಯ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದೆ. ಸಿಮೆಂಟು, ಬೀಜ ಗೊಬ್ಬರ, ಫೋಟೋ ಸ್ಟುಡಿಯೋ. ಅವು ಮಾತ್ರ ನೆನಪಿವೆ.

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ಬೀದಿಯವರು ಮಾತ್ರ ಲೆಕ್ಕ ಹಾಕಿದರು: ದಡಾರದ ಹುಡುಗನ ಎಂಜಲು, ಕೈಯಾರೆ ತಿನ್ನಿಸಿದಳು, ಮೂರು ದಿನಕ್ಕೆ ಜ್ವರ. ಅತ್ತೆ ತಾವು ಹೇಳಿದ್ದನ್ನು ಮರೆತವರಂತೆ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಓರಗಿತ್ತಿ ಬಡಿಸಲು ಬಂದರೆ "ನಾನೇ ಹಾಕ್ಕೋತೀನಿ" ಅನ್ನುತ್ತಿದ್ದೆ, ಅಷ್ಟೆ. ಅಷ್ಟು ಸಾಕಾಯಿತು. ವರ್ಷ ತುಂಬುವುದರೊಳಗೆ ಭಾವ ಕುಣಿಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟು ಹೆಂಡತಿ ಮಗನನ್ನು ಕರೆದುಕೊಂಡು ಹೋದರು. ಮುಂದೆ ಮದುವೆ, ತಿಥಿಗಳಲ್ಲಿ ಸಿಕ್ಕರೆ ಅವಳು ನನ್ನ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಅತ್ತೆ ತೀರಿಕೊಂಡಾಗಲೂ ಒಂದೇ ಬಾಗಿಲಿನ ಎರಡು ಕಡೆ ಕೂತು ಎದ್ದೆವು.

ಎಷ್ಟೋ ವರ್ಷದ ಮೇಲೆ, ಎರಡು ಸಾವಿರ ಇಸವಿ ಕಳೆದ ಮೇಲೆ, ನನಗೆ ಮಗ ಹುಟ್ಟಿದ. ಆಗ ನಾವು ತುಮಕೂರಿನಲ್ಲೇ ಬಾಡಿಗೆ ಮನೆ ಮಾಡಿದ್ದೆವು. ಅವನನ್ನು ಒಂಬತ್ತು ತಿಂಗಳವರೆಗೆ ನಾನು ಒಂದು ಮದುವೆಗೂ ಒಯ್ಯಲಿಲ್ಲ, ಪಕ್ಕದ ಮನೆಯ ಮಕ್ಕಳು ಕೆಮ್ಮಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜಂಬದವಳು ಅಂದರು. ಅನ್ನಲಿ.

ಒಂಬತ್ತು ತುಂಬಿದ ವಾರವೇ ಸೂಜಿಗೆ ಹೋದೆ. ಮಕ್ಕಳ ಡಾಕ್ಟರು ಸ್ವಲ್ಪ ವಯಸ್ಸಾದವರು, ಅವಸರವಿಲ್ಲದವರು. ಸೂಜಿ ಹಾಕಿದ ಮೇಲೆ "ಒಂದು ವಾರದ ಮೇಲೆ ಸ್ವಲ್ಪ ಜ್ವರ ಬಂದ್ರೂ ಬರಬಹುದು, ಹೆದರ್ಕೋಬೇಡಿ. ಏನಾದ್ರೂ ಕೇಳೋದಿದ್ಯಾ?" ಅಂದರು. ಇತ್ತು. ಒಂಬತ್ತು ತಿಂಗಳೇ ಯಾಕೆ ಎಂದೆ. ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿ ಕೆಲವು ತಿಂಗಳು ಇರುತ್ತದೆ, ಅದಿರುವಾಗ ಸೂಜಿ ಸರಿಯಾಗಿ ಹತ್ತುವುದಿಲ್ಲ, ಕೆಲವು ಮಕ್ಕಳಲ್ಲಿ ಅದು ಬೇಗ ಕರಗಿಬಿಡುತ್ತದೆ ಎಂದರು. ನನಗೂ ಚಿಕ್ಕಂದಿನಲ್ಲಿ ದಡಾರ ಬಂದಿತ್ತು. ನಾನು ಕೊಟ್ಟಿದ್ದೆ, ಸಾಲಲಿಲ್ಲ ಎಂದು ತಿಳಿದೆ.

ಆಮೇಲೆ ಕೇಳಿದೆ: "ದಡಾರ ಬಂದೋರ ಎಂಜಲು ತಿಂದ್ರೆ ಮೂರು ದಿನಕ್ಕೆ ಬರುತ್ತಾ ಸರ್?"

ಅವರು ಪೆನ್ನು ಕೆಳಗಿಟ್ಟರು. "ಮೂರು ದಿನಕ್ಕೆ ಬರಲ್ಲಮ್ಮ. ಒಳಗೆ ಸೇರಿ ಜ್ವರ ಕಾಣೋಕೆ ಹೆಚ್ಚುಕಮ್ಮಿ ಹತ್ತು ದಿನ ಬೇಕು. ಅದು ಅನ್ನದಲ್ಲಿ ಬರೋದಲ್ಲ. ಕೆಮ್ಮು, ಸೀನು, ಉಸಿರು. ಅವರು ಎದ್ದುಹೋದ ರೂಮಲ್ಲೂ ಸ್ವಲ್ಪ ಹೊತ್ತು ಇರುತ್ತೆ. ದದ್ದು ಏಳೋಕೆ ಮುಂಚೆ, ಬರೀ ನೆಗಡಿ ಅಂತ ಇರ್ತೀವಲ್ಲ, ಆಗ್ಲೇ ಚೆನ್ನಾಗಿ ಹರಡೋದು. ದದ್ದೆದ್ದು ನಾಲ್ಕು ದಿನ ಕಳೆದ್ರೆ ಆಮೇಲೆ ಅಂಟಲ್ಲ."

ಎರಡು ಸಲ ಹೇಳಿಸಿಕೊಂಡೆ. ತಂಪಿನ ದಿನಕ್ಕೆ ಹುಡುಗನ ದದ್ದು ಕಪ್ಪಾಗಿ ಒಣಗಿತ್ತು. ಮೊಸರನ್ನಕ್ಕೂ ನನ್ನ ಮಗುವಿಗೂ ಸಂಬಂಧವೇ ಇರಲಿಲ್ಲ. ಸಂಬಂಧ ಇದ್ದದ್ದು ತೊಟ್ಟಿಲಿಗೆ.

ಮುಂದಿನ ಭಾನುವಾರ ಮಗನನ್ನೆತ್ತಿಕೊಂಡು ಕುಣಿಗಲ್ ಬಸ್ ಹತ್ತಿದೆ. ಗಂಡನಿಗೂ ಪೂರ್ತಿ ಹೇಳಿರಲಿಲ್ಲ. ಓರಗಿತ್ತಿ ಬಾಗಿಲು ತೆಗೆದು, ನನ್ನನ್ನು ನೋಡಿ, ಕಂಕುಳಲ್ಲಿದ್ದ ಮಗುವನ್ನು ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಮಗುವನ್ನು ಮುಟ್ಟಲಿಲ್ಲ. "ಕೂತ್ಕೊ, ಬಿಸ್ಲಲ್ ಬಂದಿದೀಯ" ಅಂದಳು. ಕೂದಲು ಅರ್ಧ ನೆರೆತಿತ್ತು.

ಡಾಕ್ಟರು ಹೇಳಿದ್ದನ್ನು ಇದ್ದಂತೆ ಹೇಳಿದೆ. ಅವಳು ಗೋಡೆಗೊರಗಿ ನಿಂತು ಕೇಳಿದಳು.

"ಇಷ್ಟ್ ವರ್ಷ ನೀನು ನನ್ನಿಂದ ಅಂತ ಅನ್ಕಂಡಿದ್ಯಾ?" ಅಂದಳು.

"ಹೂಂ ಅಕ್ಕ."

"ನಾನೂವೆ."

ಅವಳ ಮುಖ ಒಂದು ಗಳಿಗೆ ಸಡಿಲಾಯಿತು. ಆಮೇಲೆ ಅವಳೂ ಲೆಕ್ಕ ಹಾಕಿದಳು. ಹಾಕುತ್ತಿರುವುದು ನನಗೆ ಕಾಣುತ್ತಿತ್ತು. ನೆಗಡಿ, ಕೆಂಪು ಕಣ್ಣು, ಒಳಗೆ ಕೂರಿಸಿದ್ದು. "ತೊಟ್ಲು" ಅಂದಳು.

ನಾನು ಹೌದೆಂದು ತಲೆ ಆಡಿಸಿದೆ.

"ಅವ್ನಿಗೆ ಅದು ನೆಪ್ಪಿದೆ ಕಣೇ. ಪಾಪು ನಗ್ತಿತ್ತು ಅಂತ ಈಗ್ಲೂ ಅಂತಾನೆ. ಬೇಡ, ಇದನ್ನ ಯಾರ್ಗೂ ಹೇಳ್ಬೇಡ. ಮೊಸರನ್ನದಿಂದ್ಲೇ ಅಂತ ಇದ್ಬುಡ್ಲಿ. ನಂಗೆ ಅಭ್ಯಾಸ ಆಗದೆ."

ನಾನು ಅವಳ ತಲೆಯ ಮೇಲಿನ ಹೊರೆ ಇಳಿಸಲು ಬಂದಿದ್ದೆ. ಅವಳು ಅದನ್ನು ಮತ್ತೆ ಎತ್ತಿಟ್ಟುಕೊಂಡಳು. ಮಗು ಹೋದ ದಿನದಿಂದ ಅದೇ ಮೊದಲ ಸಲ ನನಗೆ ನೋವಾಯಿತು.

ಹುಡುಗ ಟ್ಯೂಷನ್ ಮುಗಿಸಿ ಬಂದ. ಹೈಸ್ಕೂಲು, ಮೀಸೆ ಚಿಗುರುತ್ತಿತ್ತು. "ಚಿಕ್ಕಮ್ಮ" ಎಂದು ನಾಚಿ ನಿಂತವನು ಮಗುವನ್ನು ಕಂಡು ಕೈ ಚಾಚಿದ. ಓರಗಿತ್ತಿ "ಬ್ಯಾಡ, ಕೈ ತೊಳ್ಕಾ" ಎನ್ನುವಷ್ಟರಲ್ಲಿ ನಾನೇ ಮಗನನ್ನು ಅವನ ಕೈಗೆ ಕೊಟ್ಟೆ. ಅವನು ಬಗ್ಗಿ, ಮುಖಕ್ಕೆ ಮುಖ ತಂದು, ಬಸ್ಸಿನ ಹಾರನ್ನಿನ ಸದ್ದು ಮಾಡಿದ. ಮಗು ಕೇಕೆ ಹಾಕಿತು. ನಾವಿಬ್ಬರು ಹೆಂಗಸರೂ ಬೇರೆ ಕಡೆ ನೋಡಿದೆವು.

ಬಿಸಿಲಿಳಿಯುವ ಹೊತ್ತಿಗೆ ಕೇಳಿದೆ: "ಅಕ್ಕ, ಊಟಕ್ಕೆ ಒಂದಿಷ್ಟು ಮೊಸರನ್ನ ಕಲ್ಸ್ತೀಯಾ? ಇವ್ನಿಗೂ ನೀನೇ ತಿನ್ಸು."

"ನಮ್ಮನೇಲಿ ಮೊಸ್ರು ಇರಲ್ಲ ಚಿಕ್ಕಮ್ಮ" ಅಂದ ಹುಡುಗ. "ಅಮ್ಮಂಗೆ ಆಗಲ್ಲ. ಹೆಪ್ಪೇ ಹಾಕಲ್ಲ."

ನಾಳೆ ಬೆಳಿಗ್ಗೆವರೆಗೂ ಇರುತ್ತೀಯಾ ಎಂದು ಓರಗಿತ್ತಿ ಕೇಳಿದಳು. ಇರುತ್ತೇನೆ ಅಂದೆ. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲವೆಂದು, ಒಂದು ಪುಟ್ಟ ಬಟ್ಟಲು ತೊಳೆದುಕೊಂಡು ಅವಸರವಾಗಿ ಪಕ್ಕದ ಮನೆಗೆ ಹೋದಳು. ನಾನು ಮಗನನ್ನು ಹುಡುಗನ ತೊಡೆಯ ಮೇಲೆ ಬಿಟ್ಟು, ಹಾಲು ಕಾಯಿಸಲು ಎದ್ದೆ.